ಮೂರು ಲೋಟ ಕಹಿಗೆ ಆರು ಗಂಟೆ ಕ್ಯೂ!

ಕ್ಯೂ ಅಂದರೆ ನಮ್ಮ ಜನಕ್ಕೆ ಹೊಸದೇನಲ್ಲ. ಸೀಮೆಎಣ್ಣೆ ಡಬ್ಬ ಹಿಡಿದು ನಿಂತ ಕಾಲ ಇತ್ತು, ಪಡಿತರ ಸಕ್ಕರೆಗೆ ನಿಂತ ಕಾಲ ಇತ್ತು. ರಾಜಕುಮಾರ್ ಪಿಕ್ಚರಿನ ಮೊದಲ ಆಟದ ಟಿಕೆಟ್ಟಿಗೆ ಅಂಗಿ ಗುಂಡಿ ಕಿತ್ತುಕೊಂಡು ಬಂದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಆದರೆ ಒಂದು ಲೋಟ ಬೀರಿಗೆ, ಅದೂ ನಾಲಿಗೆ ಸುರುಟಿಕೊಳ್ಳುವಷ್ಟು ಕಹಿಯಾದ ಬೀರಿಗೆ, ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಫುಟ್‌ಪಾತಿನ ಮೇಲೆ ಆರೇಳು ಗಂಟೆ ಕಾದವರನ್ನು ಕಂಡ ಊರು ಅಮೆರಿಕಾದ ಸಾಂತಾ ರೋಸಾ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್. ಕ್ಯಾಲಿಫೋರ್ನಿಯಾ ರಾಜ್ಯದ ಸೊನೋಮಾ ಕೌಂಟಿಗೆ, ನಮ್ಮ ಲೆಕ್ಕದಲ್ಲಿ ಜಿಲ್ಲೆಗೆ, ಇದೇ ಕೇಂದ್ರ. ಸುತ್ತ ಎತ್ತ ನೋಡಿದರೂ ದ್ರಾಕ್ಷಿ ತೋಟ. ವೈನ್ ನಾಡು. ಅಂಥ ಊರಿನ ಪೇಟೆ ಮಧ್ಯೆ, ನಾಲ್ಕನೇ ಬೀದಿಯಲ್ಲಿ 2004ರಲ್ಲಿ ಬಾಗಿಲು ತೆರೆದ ಬೀರಂಗಡಿ ‘ರಷ್ಯನ್ ರಿವರ್ ಬ್ರೂಯಿಂಗ್ ಕಂಪನಿ’. ರಷ್ಯಾ ದೇಶದ ಸರಕು ಅಂದುಕೊಳ್ಳಬೇಡಿ, ಅದು ಅಲ್ಲೇ ಹತ್ತಿರ ಹರಿಯುವ ನದಿಯ ಹೆಸರು. ಈ ಅಂಗಡಿಯವರು ವರ್ಷಕ್ಕೆ ಒಂದೇ ಸಲ, ಎರಡೇ ಎರಡು ವಾರ, ‘ಪ್ಲಿನಿ ದ ಯಂಗರ್’ ಎಂಬ ಬೀರನ್ನು ಪೀಪಾಯಿಯಿಂದ ಸುರಿಯುತ್ತಾರೆ. ಮೊದಲು ಫೆಬ್ರವರಿಯ ಮೊದಲ ಶುಕ್ರವಾರ ಶುರುವಾಗುತ್ತಿತ್ತು. 2022ರಿಂದ ಮಾರ್ಚ್ ಕೊನೆಗೆ ಹಾಕಿಕೊಂಡಿದ್ದಾರೆ.

ಈಗ ಅಂಗಡಿ ಇಟ್ಟುಕೊಂಡವರಿಗೆ ಒಂದು ಪ್ರಶ್ನೆ. ನಿಮ್ಮ ಸರಕಿಗೆ ಗಿರಾಕಿ ಬಾಗಿಲ ಮುಂದೆ ಆರು ಗಂಟೆ ನಿಂತಿದ್ದಾನೆ. ವಿಮಾನ ಹತ್ತಿ ಬಂದವನೂ ಇದ್ದಾನೆ. ನೀವೇನು ಮಾಡುತ್ತೀರಿ? ಒಂದೋ ಬೆಲೆ ಏರಿಸುತ್ತೀರಿ, ಇಲ್ಲಾ ಸರಕು ಹೆಚ್ಚು ಮಾಡುತ್ತೀರಿ. ಬುದ್ಧಿ ಇದ್ದವನು ಎರಡನ್ನೂ ಮಾಡುತ್ತಾನೆ. ಸಾಂತಾ ರೋಸಾದ ಗಂಡ-ಹೆಂಡತಿ ಮಾತ್ರ, ವಿನ್ನಿ ಸಿಲುರ್ಜೊ ಮತ್ತು ನಟಾಲಿ ಸಿಲುರ್ಜೊ, ಹರಾಜು ಕೂಗಲಿಲ್ಲ, ಪ್ರವೇಶ ಶುಲ್ಕ ಇಡಲಿಲ್ಲ, ವರ್ಷವಿಡೀ ಕಾಯಿಸಿ ದೇಶವೆಲ್ಲ ತುಂಬಿಸಲೂ ಇಲ್ಲ. ಲೋಟಕ್ಕೆ ಕೆಲವೇ ಡಾಲರ್. ಬಂದವರು ಸಾಲಿನಲ್ಲಿ ನಿಲ್ಲಿ, ಒಬ್ಬರಿಗೆ ಮೂರು ಲೋಟ, ಅಷ್ಟೇ.

ಇದು ಜಾಣ ವ್ಯಾಪಾರವೋ, ಹಠಮಾರಿತನವೋ? ಅದನ್ನು ತೀರ್ಮಾನಿಸಬೇಕಾದರೆ ಮೊದಲು ಆ ಲೋಟದೊಳಗೆ ಏನಿದೆ ಅಂತ ನೋಡಬೇಕು.

ಗಾಂಜಾದ ದಾಯಾದಿ

ಬೀರಿನ ಕಹಿ ಬರುವುದು ಹಾಪ್ ಎಂಬ ಬಳ್ಳಿಯ ಹೂವಿನಿಂದ. ಚಳಿ ದೇಶದ ಬಳ್ಳಿ. ಎತ್ತರದ ತಂತಿಗಳ ಮೇಲೆ ನಮ್ಮ ವೀಳ್ಯದೆಲೆ ಬಳ್ಳಿಯ ಹಾಗೆ ಹಬ್ಬುತ್ತದೆ. ಅಮೆರಿಕಾದಲ್ಲಿ ಹೆಚ್ಚಾಗಿ ಬೆಳೆಯುವುದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ನಮ್ಮ ದೇಶದಲ್ಲೂ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಒಂದಷ್ಟು ಬೆಳೆದಿದ್ದುಂಟು. ಸಸ್ಯಶಾಸ್ತ್ರದವರು ಇದನ್ನು ಗಾಂಜಾ ಗಿಡದ ಕುಟುಂಬಕ್ಕೇ ಸೇರಿಸುತ್ತಾರೆ, ಆದರೆ ಆ ಮತ್ತು ಇದರಲ್ಲಿಲ್ಲ. ಹೆಣ್ಣು ಬಳ್ಳಿಯಲ್ಲಿ ಬಿಡುವ ಹಸಿರು ಹೂವನ್ನು ಬಿಡಿಸಿ ನೋಡಿದರೆ ಎಸಳುಗಳ ಬುಡದಲ್ಲಿ ಅರಿಸಿನದ ಪುಡಿಯಂಥದ್ದು ಅಂಟಿಕೊಂಡಿರುತ್ತದೆ. ಬಂಡವಾಳವೆಲ್ಲ ಆ ಪುಡಿಯಲ್ಲಿದೆ. ಅದರಲ್ಲಿ ಕಹಿ ಕೊಡುವ ಆಮ್ಲವೂ ಇದೆ, ಘಮ ಕೊಡುವ ಎಣ್ಣೆಯೂ ಇದೆ.

ತಕರಾರು ಇರುವುದೂ ಅಲ್ಲೇ. ಕಹಿ ಬಿಡಬೇಕಾದರೆ ಹಾಪನ್ನು ಚೆನ್ನಾಗಿ ಕುದಿಸಬೇಕು. ಕುದಿಸಿದರೆ ಎಣ್ಣೆ ಆವಿಯಾಗಿ ಘಮ ಹಾರಿಹೋಗುತ್ತದೆ. ಒಗ್ಗರಣೆಯ ಇಂಗನ್ನು ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿದರೆ ಸಾರಿನ ಗತಿ ಏನಾಗುತ್ತದೋ ಹಾಗೆ. ಅದಕ್ಕೇ ಬೀರು ಮಾಡುವವರು ಒಂದಿಷ್ಟು ಹಾಪನ್ನು ಕುದಿಯುವಾಗ ಹಾಕಿ ಕಹಿ ತೆಗೆಯುತ್ತಾರೆ. ಆಮೇಲೆ ಬೀರು ಹುಳಿತು ತಣ್ಣಗಾದ ಮೇಲೆ ಇನ್ನೊಂದಿಷ್ಟನ್ನು ಹಸಿಯಾಗೇ ಸುರಿದು ನೆನೆಯಲು ಬಿಡುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಅಂತ ಹೆಸರು. ಸಾಧಾರಣ ಬೀರಿಗೆ ಒಂದು ಸಲ ಮಾಡಿದರೆ ಹೆಚ್ಚು. ಯಂಗರ್‌ಗೆ ನಾಲ್ಕು ಸಲ ಮಾಡುತ್ತಾರೆ ಅಂತ ತಯಾರಕರೇ ಹೇಳಿಕೊಂಡಿದ್ದಾರೆ. ಕಹಿಗೆ ಹೆಸರಾದ ಐಪಿಎ ಎಂಬ ಜಾತಿಯ ಬೀರಿಗೆ ಬೀಳುವ ಹಾಪಿನ ಮೂರು ಪಾಲು ಇದಕ್ಕೆ ಬೀಳುತ್ತದೆ. ಅದಕ್ಕೇ ಟ್ರಿಪಲ್ ಐಪಿಎ ಎಂಬ ಬಿರುದು.

ಮತ್ತಿನ ವಿಷಯಕ್ಕೆ ಬಂದರೆ ಮದ್ಯಸಾರ ಶೇ. 10ನ್ನು ದಾಟುತ್ತದೆ. ನಮ್ಮ ಕಡೆ ಬಾಟ್ಲಿ ಮೇಲೆ ದಪ್ಪಕ್ಷರದಲ್ಲಿ ‘ಸ್ಟ್ರಾಂಗ್’ ಅಂತ ಬರೆದು ಮಾರುವ ಬೀರು ಶೇ. 8ರ ಒಳಗೇ ನಿಲ್ಲುತ್ತದೆ, ಅದಕ್ಕೇ ಕೆಲವರು ದಾರಿ ತಪ್ಪಿ ಪಕ್ಕದ ಮನೆ ಬಾಗಿಲು ಬಡಿಯುತ್ತಾರೆ. ಇನ್ನು ಇದರ ಕಥೆ ಊಹಿಸಿ.

ಲೋಟ ಕೈಗೆ ಬಂದಾಗ

ಒಳಗೆ ಸೇರಿದವನ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಕೂರುವುದಕ್ಕೆ ಇಷ್ಟು ಗಂಟೆ ಅಂತ ಹೊತ್ತು ಗೊತ್ತುಮಾಡಿರುತ್ತಾರೆ. ಲೋಟ ದೊಡ್ಡದೇನಲ್ಲ, 10 ಔನ್ಸ್, ಅಂದರೆ ಸುಮಾರು 295 ಮಿಲಿಲೀಟರ್. ಬಣ್ಣ ತಿಳಿ ಕಿತ್ತಳೆ ಮಿಶ್ರಿತ ಬಂಗಾರ. ಆ ಕಡೆಯಿಂದ ಹಿಡಿದರೆ ಈ ಕಡೆಯ ಬೆರಳು ಕಾಣುವಷ್ಟು ತಿಳಿ. ಮೇಲೆ ಬಿಳಿ ನೊರೆ. ಕುಡಿಯುತ್ತಾ ಹೋದಂತೆ ನೊರೆ ಲೋಟದ ಗೋಡೆಗೆ ಲೇಸಿನ ಹಾಗೆ ಅಂಟಿಕೊಳ್ಳುತ್ತದೆ.

ಪಳಗಿದವರು ಮೊದಲು ಬಾಯಿಗಿಡುವುದಿಲ್ಲ, ಮೂಗಿಗಿಡುತ್ತಾರೆ. ಅರ್ಧ ಬೀರು ಮೂಗಿನಲ್ಲೇ ಇದೆ ಅನ್ನುವುದು ಅವರ ಮಾತು. ಬರುವ ವಾಸನೆಗೆ ಅಮೆರಿಕಾದವರು ಪೈನ್ ಮರದ ಅಂಟು, ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ಸಿಪ್ಪೆ ಎಂದೆಲ್ಲ ಹೆಸರು ಹೇಳುತ್ತಾರೆ. ನಮ್ಮ ಮನೆಯ ಮಾತಿನಲ್ಲಿ ಹೇಳಬೇಕೆಂದರೆ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಮುಖಕ್ಕೆ ಚಿಮ್ಮುತ್ತದಲ್ಲ, ಆ ಘಾಟು. ಹೇರಳೆಕಾಯಿ ಹೆಚ್ಚಿದ ಮಣೆಯ ವಾಸನೆ. ಹಿಂದಿನಿಂದ ರಾಳ, ಧೂಪದ ಅಂಗಡಿಯೊಳಗೆ ಕಾಲಿಟ್ಟ ಹಾಗೆ. ಇದರಲ್ಲಿ ಒಂದು ಹನಿ ಹಣ್ಣಿನ ರಸವನ್ನೂ ಹಾಕಿಲ್ಲ ಎಂಬುದನ್ನು ನೆನಪಿಡಿ, ಎಲ್ಲವೂ ಆ ಹೂವಿನ ಎಣ್ಣೆಯ ಕೆಲಸ. ಸಿಪ್ಪೆಯಲ್ಲಿರುವ ಕೆಲವು ಸುಗಂಧ ದ್ರವ್ಯಗಳೇ ಹಾಪಿನಲ್ಲೂ ಇವೆ.

ಗುಟುಕು ಬಾಯಿಗೆ ಬಿದ್ದಾಗ ಮೊದಲು ತಾಗುವುದು ಕಹಿಯಲ್ಲ! ಒಂದು ಕ್ಷಣ ಬಾರ್ಲಿಯ ಸಣ್ಣ ಸಿಹಿ. ಅದನ್ನು ಹಿಡಿದಿಟ್ಟುಕೊಳ್ಳುವಷ್ಟರಲ್ಲಿ ನಾಲಿಗೆಯ ಎರಡು ಅಂಚಿನಿಂದ ಕಹಿ ಏರಿ ಹಿಂಬದಿಗೆ ಹೋಗಿ ಕೂರುತ್ತದೆ. ಹಾಗಲಕಾಯಿ ಗೊಜ್ಜು ಮೆಚ್ಚುವ ಮನೆಯಲ್ಲಿ ಬೆಳೆದವರಿಗೆ ಇದು ಅಷ್ಟೇನೂ ಅಪರಿಚಿತ ಅನ್ನಿಸಲಿಕ್ಕಿಲ್ಲ. ಗೊಜ್ಜಿಗೆ ಬೆಲ್ಲ ಹಾಕುವುದು ಕಹಿಯನ್ನು ಅಡಗಿಸಲಿಕ್ಕಲ್ಲ, ಅದಕ್ಕೊಂದು ಪೀಠ ಕೊಡಲಿಕ್ಕೆ ಅಂತ ಬಲ್ಲ ಅಡಿಗೆಯವರು ಹೇಳುವುದಿಲ್ಲವೆ, ಇಲ್ಲಿಯೂ ಲೆಕ್ಕ ಅದೇ. ಆದರೆ ಗೊಜ್ಜಿನ ಹಾಗೆ ಸಿಹಿ ಉಳಿಯುವುದಿಲ್ಲ. ಇಂಥ ಬೀರುಗಳಿಗೆ ಹಾಕುವ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮದ್ಯಸಾರ ಮಾಡಿಬಿಡುತ್ತದೆ, ಬಾಯಿಯಲ್ಲಿ ಅಂಟು ನಿಲ್ಲುವುದಿಲ್ಲ. ಕೊನೆಗೆ ಒಣಗಿದ ಬಾಯಿ. ಇನ್ನೊಂದು ಗುಟುಕು ಬೇಕೆನ್ನಿಸುತ್ತದೆ.

ಅಪಾಯ ಇರುವುದು ಈ ಜಾಗದಲ್ಲಿ. ಶೇ. 10 ಅಂದರೆ ಗಂಟಲು ಉರಿಯಬೇಕು, ಎದೆ ಸುಡಬೇಕು. ಹಾಗಾಗುವುದಿಲ್ಲ. ಘಮ ಅದನ್ನು ಮುಚ್ಚಿಡುತ್ತದೆ. ಹೊಟ್ಟೆಯೊಳಗೆ ಸ್ವಲ್ಪ ಬೆಚ್ಚಗಾಯಿತು ಅನ್ನುವಷ್ಟರಲ್ಲಿ ಲೋಟ ಖಾಲಿ. ಲೆಕ್ಕ ಹಾಕಿ ನೋಡಿ: ಮೂರು ಲೋಟದಲ್ಲಿರುವ ಮದ್ಯಸಾರ ಶೇ. 5ರ ಬೀರಿನ 650 ಮಿಲಿಲೀಟರಿನ ಹೆಚ್ಚುಕಡಿಮೆ ಮೂರು ದೊಡ್ಡ ಬಾಟ್ಲಿಗೆ ಸಮ. ಮೂರೇ ಲೋಟ ಎಂಬ ಕಟ್ಟಳೆಯನ್ನು ಜಿಪುಣತನ ಅನ್ನುವವರು ಈ ಲೆಕ್ಕ ಮಾಡಿದವರಲ್ಲ. ನಾಲ್ಕನೆಯದು ಕೊಟ್ಟಿದ್ದರೆ ಸಾಂತಾ ರೋಸಾ ಪೊಲೀಸರಿಗೆ ಕೈತುಂಬ ಕೆಲಸವಿರುತ್ತಿತ್ತು.

ಸೋದರಮಾವ, ಸೋದರಳಿಯ

ಹೆಸರಿನ ಕಥೆಯೂ ಚೆನ್ನಾಗಿದೆ. ಪ್ಲಿನಿ ಎಂಬ ಹೆಸರಿನವರು ಪ್ರಾಚೀನ ರೋಮಿನಲ್ಲಿ ಇಬ್ಬರಿದ್ದರು. ಹಿರಿಯ ಪ್ಲಿನಿ ನೌಕಾಪಡೆಯ ಅಧಿಪತಿ, ಪ್ರಪಂಚದಲ್ಲಿರುವುದನ್ನೆಲ್ಲ 37 ಸಂಪುಟಗಳಲ್ಲಿ ಬರೆದಿಟ್ಟ ಪಂಡಿತ. ಅದರಲ್ಲೊಂದು ಕಾಡು ಬಳ್ಳಿಯ ಪ್ರಸ್ತಾಪ ಬರುತ್ತದೆ. ಅದೇ ಹಾಪ್ ಅಂತ ಬಹಳ ಜನ ನಂಬಿದ್ದಾರೆ, ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದಾಗ ಜನರನ್ನು ಪಾರುಮಾಡಲು ಹಡಗು ತೆಗೆದುಕೊಂಡು ಹೋಗಿ ದಡದಲ್ಲೇ ಪ್ರಾಣ ಬಿಟ್ಟ. ಕಿರಿಯ ಪ್ಲಿನಿ ಅವನ ತಂಗಿಯೋ ಅಕ್ಕನೋ ಹೆತ್ತ ಮಗ, ಆಗ 17ರ ಹುಡುಗ. ಮಾವ ಸತ್ತ ರೀತಿಯನ್ನು ಮುಂದೆ ಪತ್ರದಲ್ಲಿ ಬರೆದು ಜಗತ್ತಿಗೆ ತಿಳಿಸಿದವನು ಅವನೇ.

ಸಾಂತಾ ರೋಸಾದಲ್ಲಿಯೂ ಮೊದಲು ಬಂದದ್ದು ಸೋದರಮಾವನೇ. ವಿನ್ನಿ ಸಿಲುರ್ಜೊ ದ್ರಾಕ್ಷಿ ತೋಟ, ವೈನ್ ಮಾಡುವ ಮನೆತನದ ಹುಡುಗ. 1994ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ‘ಬ್ಲೈಂಡ್ ಪಿಗ್’ ಅಂತ ಪುಟ್ಟ ಬೀರ್ ಕಾರ್ಖಾನೆ ಹಾಕಿದ. ಹಂಡೆಗಳೆಲ್ಲ ಹಳೇ ಮಾಲು. ಅದರಿಂದ ಏನಾದರೂ ಕೆಟ್ಟ ರುಚಿ ಹತ್ತಿದರೆ ಮುಚ್ಚಿಹೋಗಲಿ ಅಂತ ಮೊದಲ ಹಂಡೆಗೇ ಹಾಪನ್ನು ದುಪ್ಪಟ್ಟು ಸುರಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಹಾಗೆ ಕೊರತೆ ಮುಚ್ಚಲು ಮಾಡಿದ್ದೇ ಅಮೆರಿಕಾದ ಮೊದಲ ಡಬಲ್ ಐಪಿಎ ಅಂತ ಬೀರ್ ಚರಿತ್ರೆ ಬಲ್ಲ ಅನೇಕರು ಒಪ್ಪುತ್ತಾರೆ. 2000ದಲ್ಲಿ ಹೇವರ್ಡ್ ಎಂಬ ಊರಿನ ಒಂದು ಬೀರ್ ಜಾತ್ರೆಗೆಂದು ಮಾಡಿದ್ದು ‘ಪ್ಲಿನಿ ದ ಎಲ್ಡರ್’, ಶೇ. 8ರದ್ದು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಬೇಕೆಂದು 2005ರಲ್ಲಿ ಅಳಿಯನನ್ನು ಇಳಿಸಿದರು. ಹೆಸರಿನಲ್ಲಿ ಕಿರಿಯ, ಮತ್ತಿನಲ್ಲಿ ಹಿರಿಯ.

ಮೊದಮೊದಲು ಕ್ಯೂ ಗೀಯೂ ಏನೂ ಇರಲಿಲ್ಲ. ಬೇಕಾದವರು ಜಗ್ಗಿನಲ್ಲಿ ತುಂಬಿಸಿ ಮನೆಗೂ ಒಯ್ಯುತ್ತಿದ್ದರು. ಬೀರಿನ ರುಚಿ ನೋಡಿ ಅಂಕ ಹಾಕುವವರ ಪಟ್ಟಿಯಲ್ಲಿ ಅದು ತುದಿಗೇರಿತು ನೋಡಿ, 2010ರಲ್ಲಿ ಜನ ನುಗ್ಗಿ ಇಟ್ಟಿದ್ದನ್ನೆಲ್ಲ ಒಂದೇ ದಿನದಲ್ಲಿ ಬರಿದು ಮಾಡಿದರು. ದೂರದಿಂದ ಬಂದವರು ಖಾಲಿ ನಲ್ಲಿ ನೋಡಿ ಹೋಗಬೇಕಾಯಿತು. ಜಗ್ಗು ನಿಂತಿತು, ದಿನಕ್ಕಿಷ್ಟು ಪೀಪಾಯಿ, ತಲೆಗಿಷ್ಟು ಲೋಟ ಎಂಬ ಪಡಿತರ ಪದ್ಧತಿ ಬಂತು. ನಮ್ಮ ನ್ಯಾಯಬೆಲೆ ಅಂಗಡಿಯ ಹಾಗೆ, ಕಾರ್ಡ್ ಒಂದಿಲ್ಲ.

ಹೆಚ್ಚು ಮಾಡಬಾರದೇಕೆ?

ಅಂಗಡಿಯವರ ಪ್ರಶ್ನೆಗೆ ಈಗ ಬರೋಣ. ನಾಲ್ಕು ಸಲ ಹಾಪ್ ನೆನೆಹಾಕುವ ಬೀರು ಸಾಧಾರಣ ಬೀರಿಗಿಂತ ಬಹಳ ದಿನ ಟ್ಯಾಂಕಿನಲ್ಲಿ ಕೂತಿರುತ್ತದೆ. ಆ ಟ್ಯಾಂಕಿನಲ್ಲಿ ವರ್ಷವಿಡೀ ಬಿಕರಿಯಾಗುವ ಎಲ್ಡರನ್ನೋ ಇನ್ನೊಂದನ್ನೋ ಮಾಡಿಕೊಳ್ಳಬಹುದಾಗಿತ್ತು. ಅದರ ಮೇಲೆ ಹಾಪು ಸ್ಪಂಜಿನ ಹಾಗೆ ಬೀರನ್ನೇ ಹೀರಿಕೊಂಡುಬಿಡುತ್ತದೆ. ಟ್ಯಾಂಕ್ ತುಂಬ ಹಾಕಿದ್ದರಲ್ಲಿ ಒಂದು ಪಾಲು ಬುಡದ ಗಸಿಯ ಜೊತೆ ಚರಂಡಿಗೆ. ಖರ್ಚು ಜಾಸ್ತಿ, ಕೈಗೆ ಸಿಗುವುದು ಕಮ್ಮಿ.

ಅದೆಲ್ಲಕ್ಕಿಂತ ದೊಡ್ಡ ಕಾರಣ ಘಮದ ಆಯಸ್ಸು. ಹಾಪಿನ ಘಮ ಕೆಲವೇ ವಾರಗಳ ಅತಿಥಿ. ಗಾಳಿ ಸೋಕಿದರೆ, ಬಿಸಿಲು ಬಿದ್ದರೆ, ಶೆಲ್ಫಿನ ಮೇಲೆ ಮೂರು ತಿಂಗಳು ಕೂತರೆ ಚಕ್ಕೋತ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕಹಿ ಉಳಿಯುತ್ತದೆ, ಅದಕ್ಕಿದ್ದ ಶೋಭೆ ಇರುವುದಿಲ್ಲ. ವೈನ್ ಹಳತಾದಷ್ಟೂ ಚೆನ್ನ ಎಂದು ನಂಬಿದ ದ್ರಾಕ್ಷಿ ನಾಡಿನ ನಡುವೆ ಕೂತು ಈ ದಂಪತಿ ಎಲ್ಡರ್ ಬಾಟ್ಲಿಯ ಚೀಟಿಯ ಮೇಲೆ ‘ಇದನ್ನು ಕೂಡಿಡಬೇಡಿ, ತಾಜಾ ಇರುವಾಗಲೇ ಕುಡಿದು ಮುಗಿಸಿ’ ಎಂಬರ್ಥದ ಎಚ್ಚರಿಕೆಗಳನ್ನು ತುಂಬಿಬಿಟ್ಟಿದ್ದಾರೆ. ಮಲ್ಲಿಗೆ ಮಾರುವವಳು ಗೋದಾಮು ಕಟ್ಟಿಸುವುದಿಲ್ಲ. ಸಂಜೆ ಮಾರಬೇಕು, ಸಂಜೆಯೇ ಮುಡಿಯಬೇಕು. ಯಂಗರ್ ಆ ಜಾತಿಯ ಸರಕು.

ಹಾಗಂತ ಕ್ಯೂನಿಂದ ಅವರಿಗೆ ಲಾಭವೇ ಇಲ್ಲ ಅಂತಲ್ಲ. ಎರಡು ವಾರದ ಸಾಲು ವರ್ಷವಿಡೀ ಜಾಹೀರಾತು, ಅದೂ ಪುಕ್ಕಟೆ. ಇದು ಅವರಿಗೂ ಗೊತ್ತಿಲ್ಲದ್ದೇನಲ್ಲ. ಬೀರು ಅಷ್ಟು ದೊಡ್ಡದೋ, ಕಾದು ಕಾದು ಬಾಯಾರಿದವನ ಕಣ್ಣಿಗೆ ದೊಡ್ಡದಾಗಿ ಕಂಡಿತೋ ಎಂದು ಕೇಳುವವರಿಗೂ ಒಂದು ಪಾಯಿಂಟ್ ಇದೆ. ಆರು ಗಂಟೆ ಕಾದ ಮೇಲೆ ಮಜ್ಜಿಗೆಯೂ ಅಮೃತವೇ ಸ್ವಾಮಿ. ಯಂಗರ್‌ನಷ್ಟೇ ಸೊಗಸಾದ ಬೀರು ಇಂದು ಅಮೆರಿಕಾದ ಹತ್ತಾರು ಊರುಗಳಲ್ಲಿ ಕ್ಯೂ ಇಲ್ಲದೆ ಸಿಗುತ್ತದೆ ಎಂದು ವಾದಿಸುವವರಿದ್ದಾರೆ, ಅದು ತೀರಾ ಸುಳ್ಳಲ್ಲ. 2005ರಲ್ಲಿ ಅಪರೂಪವಾಗಿದ್ದ ಕಸುಬು ಈಗ ಅನೇಕರ ಕೈಗೆ ಹತ್ತಿದೆ.

ಆದರೆ ಆ ಸಾಲಿನಿಂದ ಹೊಟ್ಟೆ ತುಂಬುವುದು ಬೀರಂಗಡಿಗೆ ಮಾತ್ರ ಅಲ್ಲ. ಸಾಲಿನಲ್ಲಿ ನಿಂತವನಿಗೆ ಕಾಫಿ ಬೇಕು, ತಿಂಡಿ ಬೇಕು, ಕುಡಿದ ಮೇಲೆ ಕಾರು ಮುಟ್ಟದೆ ಮಲಗಲು ಲಾಡ್ಜ್ ಬೇಕು. ಸೊನೋಮಾ ಕೌಂಟಿಯ ಆರ್ಥಿಕಾಭಿವೃದ್ಧಿ ಮಂಡಳಿಯವರು ಈ ಬೀರಿಗೆಂದೇ ಕೂತು ಲೆಕ್ಕ ಹಾಕುತ್ತಾರೆ. 2020ರ ಎರಡು ವಾರದಲ್ಲಿ ಕೌಂಟಿಗೆ ಆದ ಪ್ರಯೋಜನ 50 ಲಕ್ಷ ಡಾಲರಿಗೂ ಮಿಗಿಲು ಅಂತ ಆ ಲೆಕ್ಕ ಹೇಳಿತು. ಹೋಟೆಲಿನವರಿಗೆ ಸುಗ್ಗಿ ಮುಗಿದ ಚಳಿಗಾಲದಲ್ಲಿ ಬಂದ ಹಣ ಅದು.

ಆ ಊರಿಗೆ ಅದು ಬೇಕಾಗಿಯೂ ಇತ್ತು. 2017ರ ಅಕ್ಟೋಬರಿನಲ್ಲಿ ರಾತ್ರೋರಾತ್ರಿ ಕಾಡ್ಗಿಚ್ಚು ಗಾಳಿಗೆ ಸಿಕ್ಕಿ ಸಾಂತಾ ರೋಸಾಕ್ಕೇ ನುಗ್ಗಿತ್ತು. ಟಬ್ಸ್ ಬೆಂಕಿ ಎಂದು ಅದನ್ನು ಕರೆಯುತ್ತಾರೆ. 22 ಜನ ಸತ್ತರು, 5,600ಕ್ಕೂ ಹೆಚ್ಚು ಕಟ್ಟಡ ಬೂದಿಯಾದವು. ಬೀದಿ ಬೀದಿಯೇ ಹೊಗೆಗೂಡಿನ ಕಂಬ ಮಾತ್ರ ಉಳಿದು ನಿಂತಿತ್ತು. ಆಗ ರಷ್ಯನ್ ರಿವರ್‌ನವರು ‘ಸೊನೋಮಾ ಪ್ರೈಡ್’ ಹೆಸರಿನಲ್ಲಿ ಬೀರು ಮಾಡಿ, ಬೇರೆ ತಯಾರಕರನ್ನೂ ಕೂಡಿಸಿಕೊಂಡು ಸಂತ್ರಸ್ತರಿಗೆ ಹಣ ಎತ್ತಿದರು. ಅದರ ಜೊತೆಗೆ ಇನ್ನೊಂದು ಉಪಾಯ: ದೇಣಿಗೆ ಕೊಟ್ಟವರ ಹೆಸರು ಚೀಟಿ ಎತ್ತಿ, ಗೆದ್ದವರಿಗೆ ಮುಂದಿನ ಫೆಬ್ರವರಿಯ ಯಂಗರ್ ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ಹೋಗುವ ಅವಕಾಶ! ಎಷ್ಟು ದುಡ್ಡು ಕೊಟ್ಟರೂ ಸಿಗದ ಜಾಗವನ್ನು ಅವರು ಮಾರಿದ್ದು ಆ ಒಂದು ಕೆಲಸಕ್ಕೆ. ಸಾಲಿನಲ್ಲಿ ನಿಂತವರು ಜಗಳ ತೆಗೆಯಲು ಕಾರಣವೂ ಇರಲಿಲ್ಲ.

2018ರಲ್ಲಿ ಪಕ್ಕದ ವಿಂಡ್ಸರ್‌ನಲ್ಲಿ ದೊಡ್ಡ ಕಾರ್ಖಾನೆ ತೆರೆದ ಮೇಲೆ ಎರಡೂ ಕಡೆ ಲೋಟ ಸಿಗುತ್ತದೆ, ಸಾಲು ಕೊಂಚ ಹಗುರವಾಗಿದೆ. 2020ರಲ್ಲಿ ಮೊದಲ ಬಾರಿಗೆ ಬಾಟ್ಲಿಯಲ್ಲೂ ಕೊಟ್ಟರು. ಮರುವರ್ಷ ಕೊರೊನಾ. ಕ್ಯೂ ಇಲ್ಲ, ಪಟ್ಟಿ ಇಲ್ಲ, 2021ರಲ್ಲಿ ಬಾಟ್ಲಿಯೇ ಮನೆ ಬಾಗಿಲಿಗೆ ಹೋಯಿತು, ಅದೂ ಕ್ಯಾಲಿಫೋರ್ನಿಯಾದೊಳಗೆ ಮಾತ್ರ. ಕಾಯುವ ಕಷ್ಟವಿಲ್ಲದೆ ಸೋಫಾದ ಮೇಲೆ ಕೂತು ಕುಡಿಯುವ ಯೋಗ ಬಂತು. ಆದರೂ 2022ರಲ್ಲಿ ಬಾಗಿಲು ತೆರೆದ ಕೂಡಲೇ ಜನ ಮತ್ತೆ ಬಂದು ಸಾಲಾಗಿ ನಿಂತರು.

ಐಪಿಎ ಎಂಬುದರಲ್ಲಿರುವ ‘ಐ’ ನಮ್ಮದೇ. ಇಂಡಿಯಾ ಪೇಲ್ ಏಲ್. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಲಂಡನ್ನಿನ ಹಾಡ್ಜ್‌ಸನ್ ಕಾರ್ಖಾನೆಯ ಪೀಪಾಯಿಗಳು ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲಿ ಮದರಾಸು, ಕಲ್ಕತ್ತಾ ಸೇರುತ್ತಿದ್ದವು. ದಾರಿಯಲ್ಲಿ ಕೆಡದಿರಲಿ ಅಂತ ಹಾಪ್ ಹೆಚ್ಚು ಹಾಕುತ್ತಿದ್ದರು. ಇದಕ್ಕೆಂದೇ ಹೊಸ ಬೀರು ಕಂಡುಹಿಡಿದರು ಎಂಬುದು ಮಾತ್ರ ಕಟ್ಟುಕಥೆ, ಅಂಥದ್ದು ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಅಂದು ಕೆಡದಿರಲಿ ಅಂತ ಹಾಕಿದ ಹಾಪು, ಇಂದು ಬೇಗ ಕೆಡುತ್ತದೆ ಅನ್ನುವ ಕಾರಣಕ್ಕೇ ಜನರನ್ನು ಸಾಂತಾ ರೋಸಾಕ್ಕೆ ಎಳೆಯುತ್ತಿದೆ! ನಮ್ಮ ಬೆಂಗಳೂರಿನಲ್ಲಿಯೂ 2010ರಿಂದೀಚೆಗೆ ಅಲ್ಲೇ ಕಾಯಿಸಿ ಅಲ್ಲೇ ಬಡಿಸುವ ಮೈಕ್ರೋಬ್ರೂವರಿಗಳು ಬಂದಿವೆ. ಹಲವಲ್ಲಿ ಐಪಿಎ ಸಿಗುತ್ತದೆ. ಹಾಪು ಬಹುಪಾಲು ಹೊರದೇಶದ್ದೇ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕೆಲಸಕ್ಕಿರುವ ಕನ್ನಡದ ಹುಡುಗರು ಸಾವಿರಾರು. ಅಂಥವರ ಅಪ್ಪ-ಅಮ್ಮ ನಮ್ಮೂರ ಬಸ್ಸಿನಲ್ಲೂ ಕೂತಿರುತ್ತಾರೆ. ಮಗ ರಜೆಗೆ ಬರುವಾಗ ಈ ಬಾಟ್ಲಿ ತರುತ್ತೇನೆ ಅಂದರೆ ಬೇಡ ಅನ್ನಿ. ಸೂಟ್‌ಕೇಸಿನ ಸೆಕೆಯಲ್ಲಿ ಬೆಂದು, ಮನೆಯ ಷೋಕೇಸಿನಲ್ಲಿ ಯುಗಾದಿಯವರೆಗೆ ಕೂತ ಮೇಲೆ ಅದರಲ್ಲಿ ಬೇವಿನ ಅಂಶವಷ್ಟೇ ಉಳಿದಿರುತ್ತದೆ.

ಎರಡು ವಾರ ಮುಗಿದ ಮೇಲೆ ನಾಲ್ಕನೇ ಬೀದಿಯ ಅಂಗಡಿಯಲ್ಲಿ ಯಂಗರ್‌ನ ನಲ್ಲಿ ಬಂದಾಗುತ್ತದೆ. ತಡವಾಗಿ ಬಂದವರು ಎಲ್ಡರ್ ಕೇಳಿ ಕುಡಿದು ಹೋಗುತ್ತಾರೆ. ಸೋದರಮಾವ ವರ್ಷವಿಡೀ ಇರುತ್ತಾನೆ, ಅವನಿಗೆ ಕ್ಯೂ ಇಲ್ಲ.